ಸ್ವಲ್ಪ ದಪ್ಪ ಆಗಿದ್ದೀರ, ಅಲ್ವಾ?

ರೈಲ್ವೆ ಸ್ಟೇಷನ್ನುಗಳಲ್ಲಿ ಮೊದಲು ತೂಕದ ಯಂತ್ರ ಇರುತ್ತಿತ್ತು, ನೆನಪಿದೆಯೇ? ಕೆಂಪು ಹಸಿರು ಬಲ್ಬುಗಳು ಮಿಣಮಿಣ ಎನ್ನುತ್ತ, ಗಾಜಿನ ಹಿಂದೆ ಬಣ್ಣದ ಚಕ್ರ ಗಿರಗಿರ ತಿರುಗುತ್ತ ಆಳೆತ್ತರ ನಿಂತಿರುತ್ತಿತ್ತು. ಮೇಲೆ ಹತ್ತಿ, ಚಕ್ರ ನಿಲ್ಲುವ ತನಕ ಕಾದು, ನಾಣ್ಯ ಹಾಕಿದರೆ ಒಳಗೆಲ್ಲೋ ಕಟಕಟ ಸದ್ದಾಗಿ ಒಂದು ಪುಟ್ಟ ರಟ್ಟಿನ ಚೀಟಿ ಕೆಳಗೆ ಬೀಳುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದು ಮಗ್ಗುಲಲ್ಲಿ ಭವಿಷ್ಯ. ಈಗ ಹೆಚ್ಚಿನ ಪ್ಲಾಟ್‌ಫಾರ್ಮುಗಳಿಂದ ಅವು ಮಾಯವಾಗಿವೆ. ಯಾರೂ ಅತ್ತ ಹಾಗೆ ಕಾಣೆ. ಅಳುವುದಾದರೂ ಯಾಕೆ? ಅದೇ ಕೆಲಸವನ್ನು ನಾಣ್ಯವಿಲ್ಲದೆ ಮಾಡಿಕೊಡಲು ಚಿಕ್ಕಮ್ಮ ಇದ್ದಾರೆ, ಸೋದರತ್ತೆ ಇದ್ದಾರೆ, ಎದುರುಮನೆಯ ರಿಟೈರ್ಡ್ ಮೇಷ್ಟ್ರಿದ್ದಾರೆ. ಯಂತ್ರದ ಮೇಲಾದರೆ ನಾವೇ ಹತ್ತಬೇಕಿತ್ತು, ಇವರ ಮುಂದೆ ಹಾದುಹೋದರೂ ಸಾಕು. ಕ್ರಮವೂ ಅದೇ. "ಏನೇ ಇದು, ಈ ಪಾಟಿ ಊದ್ಕೊಂಡಿದ್ದೀಯ?" ಇದು ತೂಕ. "ಹೀಗೇ ಆದ್ರೆ ನಾಳೆ ಮಂಡಿ ಹಿಡ್ಕೊಳ್ಳುತ್ತೆ, ನೋಡ್ತಿರು." ಇದು ಭವಿಷ್ಯ.

ಈ ಸೇವೆಗೆ ರಾಜ್ಯದ ಯಾವ ಮೂಲೆಯೂ ಹೊರತಲ್ಲ. ಮೈಸೂರಿನವರು ಕೊಂಚ ಸಕ್ಕರೆ ಬೆರೆಸಿ ಕೊಡುತ್ತಾರೆ: "ಸ್ವಲ್ಪ ಮೈಕೈ ತುಂಬ್ಕೊಂಡಿದ್ದೀರ, ಅಲ್ವಾ?" ಧಾರವಾಡದ ಕಡೆ ಸುತ್ತುಬಳಸು ಇಲ್ಲ: "ಏನ್ರೀ, ಹೊಟ್ಟಿ ಭಾಳ ಬಂದೈತಲ್ರೀ!" ಮಂಡ್ಯದ ಕಡೆ ಬೆನ್ನ ಮೇಲೊಂದು ಗುದ್ದು ಬಿಟ್ಟು, "ಸಕತ್ ಗಾತ್ರ ಆಗ್ಬುಟ್ಟಿದ್ದೀಯಲ್ಲೋ!" ಮಂಗಳೂರಿನಲ್ಲಿ, "ಎಂತ ಮಾರಾಯ್ರೆ, ನನಗೆ ಗುರ್ತೇ ಸಿಕ್ಕಲಿಲ್ಲ ನಿಮ್ಮದು!" ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮಾತ್ರ ಪರೋಕ್ಷ ಮಾದರಿ: "ಆಂಟಿ, ಈಗ ವಾಕಿಂಗ್ ಬಿಟ್ಬಿಟ್ರಾ?"

ಅಮೆರಿಕದಲ್ಲಿರುವ ಹುಡುಗ ರಜೆಗೆ ಬಂದು ಕೆಂಪೇಗೌಡ ವಿಮಾನ ನಿಲ್ದಾಣದ ಬಾಗಿಲಲ್ಲಿ ಟ್ರಾಲಿ ತಳ್ಳಿಕೊಂಡು ಹೊರಬರುವುದನ್ನು ಗಮನಿಸಿ. ಇಡೀ ದಿನದ ಪ್ರಯಾಣ, ಕಣ್ಣು ಕೆಂಪಗಾಗಿದೆ. ಅಮ್ಮ ಓಡಿ ಬಂದು ಕೆನ್ನೆ ಸವರಿ, "ಎಷ್ಟು ಸೊರಗಿ ಹೋಗಿದ್ದೀಯೋ ಕಂದಾ" ಅನ್ನುತ್ತಾರೆ. ಅಮ್ಮನ ಹಿಂದೆಯೇ ನಿಂತ ದೊಡ್ಡಪ್ಪ, "ಏನಯ್ಯಾ, ಪಿಜ್ಜಾ ಚೆನ್ನಾಗಿ ಮೈಗೆ ಹತ್ತಿದೆ" ಅನ್ನುತ್ತಾರೆ. ಒಂದೇ ಮೈ, ಒಂದೇ ನಿಮಿಷ. ಹುಡುಗ ಹಲ್ಲು ಕಿರಿಯುತ್ತಾನೆ. ಅವನು ಬಿಟ್ಟು ಬಂದ ಆಫೀಸಿನಲ್ಲಿ ಇಂಥ ಮಾತು ಸಹೋದ್ಯೋಗಿಯ ಬಾಯಿಂದ ಬಂದಿದ್ದರೆ ವಿಷಯ ಎಚ್.ಆರ್. ಮೇಜಿಗೆ ಹೋಗುತ್ತಿತ್ತು.

ಇನ್ನು ಮದುವೆ ಮನೆ. ಧಾರೆ ಮುಗಿದು, ಊಟಕ್ಕೆ ಮೊದಲ ಪಂಕ್ತಿ ಕೂತು, ಎರಡನೆಯದಕ್ಕೆ ಕಾಯುವವರು ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಕೂತಿರುತ್ತಾರಲ್ಲ, ಆ ಹೊತ್ತು. ಯಾರು ಯಾವ ವರ್ಷ ಎಷ್ಟು ಗಾತ್ರ ಇದ್ದರು ಎಂಬ ದಾಖಲೆಯೆಲ್ಲ ಅಲ್ಲಿ ಬಾಯಿಪಾಠ. "ಸುಮಾ ಮದುವೇಲಿ ನೋಡಿದಾಗ ಹಿಂಗಿರ್ಲಿಲ್ಲ ಬಿಡು ನೀನು." ಸರ್ಕಾರಿ ಕಡತಗಳು ಕಳೆದುಹೋಗಬಹುದು, ಈ ಕಡತ ಕಳೆಯುವುದಿಲ್ಲ. ಹೇಳಿದವರೇ ಅರ್ಧ ಗಂಟೆಯ ನಂತರ ಎಲೆಯ ಮುಂದೆ ಪಕ್ಕದಲ್ಲಿ ಕೂತು ಬಡಿಸುವವರನ್ನು ಕೂಗಿ ಕರೆಯುತ್ತಾರೆ. "ಏ, ಇಲ್ಲಿ ಇವಳಿಗೆ ಇನ್ನೊಂದು ಹೋಳಿಗೆ ಹಾಕಪ್ಪಾ. ತುಪ್ಪ ಸರಿಯಾಗಿ ಬಿಡು. ಏನೇ, ಡಯಟ್ಟಾ? ಮದುವೆ ಮನೇಲಿ ಎಂಥಾ ಡಯಟ್ಟು!" ತಿಂದರೆ ದಪ್ಪ, ತಿನ್ನದಿದ್ದರೆ ಜಂಭ. ಬಾಣಂತಿಯ ಕಥೆಯಂತೂ ಇನ್ನೂ ಚೆಂದ. ಅಂಟಿನುಂಡೆ, ಮೆಂತ್ಯದ ಹಿಟ್ಟು, ಕೊಬ್ಬರಿ, ಅನ್ನ ಕಾಣದಷ್ಟು ತುಪ್ಪ, ತಿಂಗಳುಗಟ್ಟಲೆ ಮಂಚದಿಂದ ಇಳಿಯಬಾರದೆಂಬ ಆಜ್ಞೆ. ಐದನೇ ತಿಂಗಳು ಮಗುವನ್ನು ಎತ್ತಿಕೊಂಡು ಹೊರಬಂದಾಗ ಅದೇ ಆಜ್ಞಾಪಕರು ಕೇಳುತ್ತಾರೆ: "ಹೊಟ್ಟೆ ಇನ್ನೂ ಇಳಿದೇ ಇಲ್ವಲ್ಲೇ?"

ತೆಳ್ಳಗಿರುವವರು ಇದನ್ನು ಓದಿ ಮುಗುಳ್ನಗುವುದು ಬೇಡ. ನಿಮಗೇನು ಮಾಫಿ ಇದೆಯೇ? ಕಡ್ಡಿ, ಸಣಕಲು, ನರಪೇತಲ, ಗಾಳಿ ಬಂದ್ರೆ ಹಾರ್ಕೊಂಡ್ ಹೋಗ್ತೀಯ, ಮನೇಲಿ ಊಟ ಹಾಕಲ್ವಾ. ಹೊಸ ಸೊಸೆ ಇಳಿದರೆ ಅತ್ತೆ ಮೇಲೆ ಅನುಮಾನ, ಮಗ ಇಳಿದರೆ ಸೊಸೆ ಮೇಲೆ. ಐವತ್ತು ದಾಟಿದವರು ಬೆಳಿಗ್ಗೆ ಐದಕ್ಕೆ ಎದ್ದು, ಲಾಲ್‌ಬಾಗ್ ಸುತ್ತಿ, ಅನ್ನ ಬಿಟ್ಟು, ಸಾಮೆ ನವಣೆ ಬೇಯಿಸಿಕೊಂಡು ತಿಂದು ನಾಲ್ಕು ಕೆ.ಜಿ. ಇಳಿಸಿಕೊಂಡು ಬಂದರೆ ಯಾರಾದರೂ ಶಭಾಷ್ ಅಂದಾರೇ? ದನಿ ತಗ್ಗಿಸಿ, ಮುಖ ಹತ್ತಿರ ತಂದು, "ಶುಗರ್ರಾ?" ಅನ್ನುತ್ತಾರೆ. ಇಲ್ಲ ಎಂದರೆ ನಂಬುವುದಿಲ್ಲ. "ಯಾವುದಕ್ಕೂ ಒಂದ್ಸಲ ಫುಲ್ ಬಾಡಿ ಚೆಕಪ್ ಮಾಡಿಸಿಬಿಡಿ."

ಕಿರೀಟ ಇಟ್ಟುಕೊಂಡವರಿಗೂ ಇದು ತಪ್ಪಿಲ್ಲ. 2021ರಲ್ಲಿ ಮಿಸ್ ಯೂನಿವರ್ಸ್ ಆದ ಹರ್ನಾಜ್ ಸಂಧು ಮೊದಲು ತೀರಾ ತೆಳ್ಳಗೆ ಎಂದು ಅನ್ನಿಸಿಕೊಂಡರು, ಮರುವರ್ಷ ತುಂಬಾ ದಪ್ಪ ಎಂದು ಅನ್ನಿಸಿಕೊಂಡರು. ಕೊನೆಗೆ ತಮಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿಯ ಪದಾರ್ಥ ಒಗ್ಗುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಳ್ಳಬೇಕಾಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ದಪ್ಪ ಆಗಿದ್ದೀಯಲ್ಲ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕೆಂದರೆ ಆಸ್ಪತ್ರೆಯ ಫೈಲನ್ನೇ ಬಿಚ್ಚಬೇಕು. ಥೈರಾಯ್ಡ್ ಇರಬಹುದು, ಪಿಸಿಓಡಿ ಇರಬಹುದು. ಉಬ್ಬಸಕ್ಕೋ ಕೀಲುವಾತಕ್ಕೋ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿರಬಹುದು, ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಮೈ ಏರುತ್ತದೆ. ಇನ್ನು ಮದುವೆಯಾಗಿ ಕೆಲವು ವರ್ಷ ಕಳೆದ ಹೆಂಗಸಿನ ಹೊಟ್ಟೆಯ ಕಡೆ ಒಂದು ನೋಟ ಹರಿಸಿ, "ಏನಾದ್ರೂ ವಿಶೇಷಾನಾ?" ಎಂದು ಕೇಳುವವರಿದ್ದಾರಲ್ಲ, ಅವರಿಗೆ ಯಾವ ನರಕ ಎಂದು ಗರುಡಪುರಾಣದಲ್ಲಿ ಹುಡುಕುವ ಆಸೆ ನನಗೆ ಬಹಳ ದಿನದಿಂದ ಇದೆ. ಕೇಳಿಸಿಕೊಂಡವಳು ಅಂದು ಬೆಳಿಗ್ಗೆಯೇ ಹಾರ್ಮೋನಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದಿರಬಹುದು.

ಆದರೂ ನ್ಯಾಯವಾಗಿ ಮಾತಾಡೋಣ. ಈ ಮಾತು ನಮ್ಮಲ್ಲಿ ಕೆಟ್ಟತನದಿಂದ ಹುಟ್ಟಿದ್ದಲ್ಲ. 1876ರಿಂದ 78ರವರೆಗಿನ ಬರಗಾಲವನ್ನು ನಮ್ಮ ಹಿರಿಯರು ಧಾತು-ಈಶ್ವರ ಬರ ಎಂದು ಸಂವತ್ಸರದ ಹೆಸರಿನಿಂದಲೇ ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನರಿದ್ದರು. ಹತ್ತು ವರ್ಷ ಬಿಟ್ಟು ಎಣಿಸಿದಾಗ ಸಿಕ್ಕವರು ಸುಮಾರು 42 ಲಕ್ಷ. ಅಂಥ ಕಾಲ ಕಂಡ ಮನೆಗಳಲ್ಲಿ, ತವರಿಗೆ ಬಂದ ಮಗಳ ರಟ್ಟೆ ಹಿಡಿದು ನೋಡುವುದು ಕುಶಲ ಕೇಳುವ ಕ್ರಮವೇ ಆಗಿತ್ತು. ಮೈ ತುಂಬಿದ್ದರೆ ಆ ಮನೆಯಲ್ಲಿ ರಾಗಿ ಇದೆ, ಮಗಳಿಗೆ ಅದರಲ್ಲಿ ಪಾಲೂ ಇದೆ ಎಂದು ಅರ್ಥ. ಸೊರಗಿದ್ದರೆ ಬಾಯಿ ಬಿಟ್ಟು ಕೇಳದೆಯೇ ಎಲ್ಲ ತಿಳಿಯುತ್ತಿತ್ತು. ಆ ಅಜ್ಜಿ ಇಂದು ಎದುರು ಬಂದು ನನ್ನ ರಟ್ಟೆ ಹಿಡಿದರೆ ಎರಡೂ ರಟ್ಟೆ ಚಾಚುತ್ತೇನೆ. ಆದರೆ ನನ್ನ ರಟ್ಟೆ ಹಿಡಿಯುವವರ ಫ್ರಿಜ್ಜಿನಲ್ಲಿ ಎರಡು ಬಗೆಯ ಐಸ್‌ಕ್ರೀಮ್ ಇದೆ. ಬರದ ಕಾಲದ ಪ್ರಶ್ನೆಯನ್ನು ಬಫೆಯ ಸಾಲಿನಲ್ಲಿ ನಿಂತು ಕೇಳಿದರೆ ಅದು ಕುಶಲವಲ್ಲ, ಪಂಚಾಯ್ತಿ.

ವಿಚಿತ್ರ ನೋಡಿ, ಮಕ್ಕಳ ವಿಷಯದಲ್ಲಿ ನಮಗೆ ಎಷ್ಟು ಸೂಕ್ಷ್ಮ! ಗುಂಡುಗುಂಡಾದ ಕೂಸನ್ನು ನೋಡಿ ಎಷ್ಟು ಚೆನ್ನಾಗಿ ಬೆಳೆದಿದೆ ಎಂದು ಹೊರಗಿನವರು ಅಂದರೆ ಮುಗಿಯಿತು, ಅವರು ಗೇಟು ದಾಟುವಷ್ಟರಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಬಿದ್ದಿರುತ್ತದೆ. ಕೆನ್ನೆಗೊಂದು, ಅಂಗಾಲಿಗೊಂದು ಕಪ್ಪು ಬೊಟ್ಟು ಇರಲೇಬೇಕು. ಅಂದರೆ ಮೈಯ ಮೇಲೆ ಬಿದ್ದ ಮಾತು ತಾಕುತ್ತದೆ, ನಾಟುತ್ತದೆ, ಊಟ ನಿದ್ದೆ ಕೆಡಿಸುತ್ತದೆ ಎಂಬುದು ನಮಗೆ ತಲೆತಲಾಂತರದಿಂದ ಗೊತ್ತು. ಆ ಕೂಸೇ ದೊಡ್ಡದಾಗಿ ಪಿಯುಸಿಗೆ ಹೋಗುವ ಹೊತ್ತಿಗೆ ಅದು ಹೇಗೆ ಮರೆತುಹೋಗುತ್ತದೋ! ಬೊಟ್ಟು ಅಳಿಸಿದ ಮೇಲೆ ಯಾರು ಏನು ಬೇಕಾದರೂ ಅನ್ನಬಹುದು.

ಯಾರು ಏನು ಬೇಕಾದರೂ ಅಂದೆನೇ? ಇಲ್ಲ, ಅದು ಸರಿಯಲ್ಲ. ಇಲ್ಲೊಂದು ಕಟ್ಟುನಿಟ್ಟಾದ ಶಿಸ್ತಿದೆ. ನಮ್ಮ ಬಳಗದ ಒಂದು ಗೃಹಪ್ರವೇಶದಲ್ಲಿ ಅದು ನನ್ನ ಕಣ್ಣೆದುರೇ ಬಯಲಾಯಿತು. ಅತ್ತೆಯೊಬ್ಬರು ಕಾಲೇಜು ಓದುವ ಹುಡುಗಿಯನ್ನು ತಡೆದು ನಿಲ್ಲಿಸಿ, "ಏನಮ್ಮಾ, ಒಳ್ಳೇ ದಪ್ಪ ಆಗ್ಬಿಟ್ಟಿದ್ದೀಯ" ಅಂದರು. ಸುತ್ತ ಕೂತವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು. ನಕ್ಕು, ಅಷ್ಟೇ ಅಕ್ಕರೆಯಿಂದ, "ಹೌದತ್ತೆ, ನೀವೂ ಅಷ್ಟೇ, ಹೋದ ವರ್ಷಕ್ಕಿಂತ ತುಂಬಾ ದಪ್ಪ ಆಗಿದ್ದೀರ" ಅಂದಳು. ನಗು ತಟ್ಟನೆ ನಿಂತಿತು. ಅತ್ತೆಯ ಮುಖ ಕಪ್ಪಿಟ್ಟಿತು. ಹುಡುಗಿಯ ತಾಯಿ ಅಡಿಗೆಮನೆಯಿಂದ ಓಡಿ ಬಂದು, "ದೊಡ್ಡವರ ಹತ್ರ ಹಿಂಗಾ ಮಾತಾಡೋದು?" ಎಂದು ಕೈ ಹಿಡಿದು ಎಳೆದುಕೊಂಡು ಹೋದರು. ಆ ಮಧ್ಯಾಹ್ನವೆಲ್ಲ ಈಗಿನ ಮಕ್ಕಳಿಗೆ ಸಂಸ್ಕಾರ ಇಲ್ಲ ಎಂಬುದರ ಬಗ್ಗೆಯೇ ಗೋಷ್ಠಿ. ಅದೇ ಮಾತು, ಅದೇ ನಗು, ಹೆಚ್ಚುಕಡಿಮೆ ಅಷ್ಟೇ ಕೆ.ಜಿ. ಮೇಲಿನಿಂದ ಕೆಳಗೆ ಬಂದರೆ ಪ್ರೀತಿ, ಕೆಳಗಿನಿಂದ ಮೇಲಕ್ಕೆ ಹೋದರೆ ಉದ್ಧಟತನ.

ಅಂದಿನಿಂದ ನನಗೆ ಇದೇ ಕಾಣುತ್ತದೆ. ಕಚೇರಿಯ ಸಾಹೇಬರು ಒಂದು ತಿಂಗಳ ರಜೆ ಮುಗಿಸಿ ಷರ್ಟಿನ ಗುಂಡಿ ಬಿಗಿಯುವಷ್ಟು ಉಬ್ಬಿಕೊಂಡು ಬಂದರೆ, "ಸಾರ್, ಮುಖದಲ್ಲಿ ಒಳ್ಳೇ ಕಳೆ ಬಂದಿದೆ ಸಾರ್." ಅಟೆಂಡರ್ ಅಷ್ಟೇ ಉಬ್ಬಿ ಬಂದರೆ, "ಏನಯ್ಯಾ, ಚೆನ್ನಾಗಿ ತಿಂದು ಮಲಗಿದ್ದೀಯ ಅನ್ನು." ಹೊಸ ಅಳಿಯ ದಪ್ಪಗಾದರೆ ಅತ್ತೆಮನೆಗೇ ಹೆಮ್ಮೆ, ನಮ್ಮ ಅಡಿಗೆ ಅವರ ಮೈಗೆ ಹತ್ತಿದೆ ಎಂದು ಬೀದಿಗೆಲ್ಲ ಹೇಳುತ್ತಾರೆ. ಹೊಸ ಸೊಸೆ ದಪ್ಪಗಾದರೆ, "ಕೂತು ತಿಂದ್ರೆ ಇನ್ನೇನಾಗುತ್ತೆ." ಹೆಣ್ಣು ನೋಡಲು ಬಂದ ಹುಡುಗನ ಹೊಟ್ಟೆ ಕಾಫಿ ಲೋಟ ಇಟ್ಟುಕೊಳ್ಳುವಷ್ಟು ಮುಂದೆ ಬಂದಿರುತ್ತದೆ. ಆದರೂ ಹೋದ ಮೇಲೆ ಫೋನ್ ಮಾಡಿ, "ಹುಡುಗಿ ಸ್ವಲ್ಪ ಗಾತ್ರ ಆಯ್ತು" ಅನ್ನುವುದು ಅವನ ಅಮ್ಮ. ಹೆಣ್ಣಿನ ಕಡೆಯವರು ಹುಡುಗನ ಹೊಟ್ಟೆಯ ಬಗ್ಗೆ ಮಾತಾಡುವುದಿಲ್ಲ. ಸಂಬಳದ ಬಗ್ಗೆ ಮಾತಾಡುತ್ತಾರೆ.

ಚರಿತ್ರೆಯಲ್ಲೂ ಹೀಗೆಯೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿಟ್ಟ. ನಡುಮಟ್ಟದ ಎತ್ತರ, ಬೆಳ್ಳನೆಯ ಬಣ್ಣ, ಮುಖದ ಮೇಲೆ ಸಿಡುಬಿನ ಕಲೆ, ಮೈ ತೆಳ್ಳಗೆನ್ನುವುದಕ್ಕಿಂತ ದಪ್ಪದ ಕಡೆಗೇ. ನಮ್ಮ ಕಣ್ಣಿನಲ್ಲಿ ಆ ಅರಸ 1970ರ ಸಿನಿಮಾದ ರಾಜ್‌ಕುಮಾರ್ ಥರ ಇದ್ದಾನೆ, ಇರಲಿ. ಈ ಅರಸ ಸೋಮಾರಿಯೂ ಅಲ್ಲ. ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಎಣ್ಣೆಯನ್ನೇ ಮೈಗೆ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಕುಸ್ತಿ ಆಡಿ, ಆಮೇಲೆ ಕುದುರೆ ಏರಿ ಬಯಲಿನಲ್ಲಿ ಸುತ್ತಾಡುತ್ತಿದ್ದ ಎಂದೂ ಪಾಯೆಸ್ ಹೇಳುತ್ತಾನೆ. ಅಷ್ಟೆಲ್ಲ ಮಾಡಿಯೂ ದಪ್ಪ ಇರಬಹುದು ಎಂಬುದಕ್ಕೆ 500 ವರ್ಷ ಹಳೆಯ ಸಾಕ್ಷಿ ಇದು. ನನ್ನ ಜಿಮ್ ತರಬೇತುದಾರನಿಗೆ ತೋರಿಸಬೇಕೆಂದಿದ್ದೇನೆ. ಆದರೆ ಗಮನಿಸಬೇಕಾದ್ದು ಬೇರೆ. ಅರಸನ ಗಾತ್ರದ ಬಗ್ಗೆ ನೇರ ಮಾತಾಡಿದವನು ಪರದೇಶಿ, ಬರೆದದ್ದು ಅವನ ಭಾಷೆಯಲ್ಲಿ, ಓದುವವರು ಅವನ ದೇಶದಲ್ಲಿ.

ಆಸ್ಥಾನದವರಿಗೆ ಹಾಗೆ ಮಾತಾಡುವ ಅಗತ್ಯವೂ ಇರಲಿಲ್ಲ ಬಿಡಿ. ಹಂಪಿಗೆ ಹೋದವರು ವಿಟ್ಠಲ ದೇವಸ್ಥಾನದ ಬಳಿ ರಾಜರ ತುಲಾಭಾರದ ಕಲ್ಲಿನ ಕಂಬಗಳನ್ನು ನೋಡಿರುತ್ತೀರಿ. ಮೇಲಿನ ತೊಲೆಯಲ್ಲಿ ತಕ್ಕಡಿ ತೂಗುಹಾಕಲು ಕಲ್ಲಿನದೇ ಬಳೆಗಳಿವೆ. ಹಬ್ಬದ ದಿನಗಳಲ್ಲಿ ಅರಸ ಒಂದು ತಟ್ಟೆಯಲ್ಲಿ ಕೂತು, ಇನ್ನೊಂದರಲ್ಲಿ ಚಿನ್ನ, ರತ್ನ ತೂಗಿಸಿ ದಾನ ಮಾಡುತ್ತಿದ್ದನೆಂದು ಪ್ರತೀತಿ. ಅರಸನ ಮೈ ಏರಿದಷ್ಟೂ ದಾನ ಏರುತ್ತದೆ. ಹಾಗಿರುವಾಗ ಸಾಲಿನಲ್ಲಿ ನಿಂತವರಲ್ಲಿ ಯಾರು ಮುಂದೆ ಬಂದು, "ಮಹಾಪ್ರಭು, ರಾತ್ರಿ ಅನ್ನ ಬಿಟ್ಟು ಚಪಾತಿ ತಗೊಳ್ಳಿ" ಅಂದಾರು? ಇಂದಿಗೂ ಉಡುಪಿಯಲ್ಲಿ, ಧರ್ಮಸ್ಥಳದಲ್ಲಿ ತುಲಾಭಾರ ನಡೆಯುತ್ತದೆ. ಬೆಲ್ಲವೋ ಅಕ್ಕಿಯೋ ತೆಂಗಿನಕಾಯಿಯೋ ಎದುರು ತಟ್ಟೆಯಲ್ಲಿ ಏರುತ್ತದೆ, ನೂರಾರು ಜನ ನೋಡುತ್ತಾರೆ, ಯಾರೂ ನಗುವುದಿಲ್ಲ. ತಕ್ಕಡಿಯೇ ಎದುರಿಗಿದ್ದಾಗ ಬಾಯಿ ಮುಚ್ಚಿಕೊಂಡಿರುವ ಜನ, ತಕ್ಕಡಿ ಇಲ್ಲದ ಕಡೆ ಮಾತ್ರ ಅಂದಾಜು ಶುರು ಮಾಡುತ್ತಾರೆ.

ಎದುರಿಗಿರುವವರು ತಮಗಿಂತ ಕೆಳಗೆ ಎಂದು ತಪ್ಪು ಲೆಕ್ಕ ಹಾಕಿ ಕೆಟ್ಟವರೂ ಇದ್ದಾರೆ. ಮೊದಲನೆಯವನು ಚಂದ್ರ. ಕಡುಬು ತಿಂದ ಹೊಟ್ಟೆ ಹೊತ್ತು ಇಲಿಯ ಮೇಲೆ ಹೊರಟ ಗಣಪ ಬಿದ್ದ, ಹೊಟ್ಟೆ ಒಡೆಯಿತು, ಹಾವನ್ನೇ ಹಿಡಿದು ಸೊಂಟಕ್ಕೆ ಬಿಗಿದುಕೊಂಡ. ಮೇಲೆ ಕೂತಿದ್ದ ಚೆಲುವ ಕಿಸಕ್ಕನೆ ನಕ್ಕ. ಚೌತಿಯ ದಿನ ಅವನ ಮುಖ ನೋಡಿದವರಿಗೂ ಅಪವಾದ ತಪ್ಪದಂಥ ಶಾಪ ಬಂತು. ಸಾಕ್ಷಾತ್ ಕೃಷ್ಣನೇ ಶಮಂತಕ ಮಣಿ ಕದ್ದ ಎಂದು ಅನ್ನಿಸಿಕೊಂಡ. ಇನ್ನೊಬ್ಬರ ಹೊಟ್ಟೆ ನೋಡಿ ನಕ್ಕವನು ಅಂದಿನಿಂದ ಒಂದು ಪಕ್ಷ ಸೊರಗುತ್ತಾನೆ, ಒಂದು ಪಕ್ಷ ಊದುತ್ತಾನೆ. ದಿನವೂ ಲೋಕವೆಲ್ಲ ತಲೆಯೆತ್ತಿ ಅವನ ಗಾತ್ರವನ್ನೇ ಗಮನಿಸುತ್ತದೆ. (ಚಂದ್ರ ಕ್ಷಯಿಸುವುದು ದಕ್ಷನ ಶಾಪದಿಂದ ಎಂದು ಪುರಾಣ ಬಲ್ಲವರು ತಕರಾರು ತೆಗೆಯಬಹುದು. ಇರಲಿ, ನನಗೆ ಈ ಕಥೆಯೇ ಅನುಕೂಲ.) ಎರಡನೆಯವನು ಕರ್ಣ. ಯುದ್ಧದ ಹದಿನಾಲ್ಕನೆಯ ದಿನ ಆಯುಧವಿಲ್ಲದೆ ನಿಂತ ಭೀಮನನ್ನು ಬಿಲ್ಲಿನ ತುದಿಯಿಂದ ತಿವಿದು, ಹೊಟ್ಟೆಬಾಕ, ನಿನಗೆ ಯುದ್ಧವೇಕೆ, ಊಟ ಸಿಗುವ ಕಡೆ ಹೋಗು ಎಂದು ಹಂಗಿಸಿದ. ಭೀಮನ ಕೈಯಲ್ಲಿ ಗದೆ ಇದ್ದಾಗ ಅವನ ಊಟದ ಲೆಕ್ಕ ಎತ್ತುವ ಧೈರ್ಯ ಆ ಬಯಲಿನಲ್ಲಿ ಎಷ್ಟು ಜನಕ್ಕಿತ್ತೋ ಕಾಣೆ. ಹದಿನೇಳನೆಯ ದಿನ ಕರ್ಣ ಉಳಿಯಲಿಲ್ಲ.

ಈಚಿನದು ಬೇಕಾದರೆ 2025ರ ಮಾರ್ಚ್. ಚಾಂಪಿಯನ್ಸ್ ಟ್ರೋಫಿ ನಡೆಯುತ್ತಿರುವಾಗಲೇ ಕಾಂಗ್ರೆಸ್ ವಕ್ತಾರೆಯೊಬ್ಬರು ರೋಹಿತ್ ಶರ್ಮಾ ಆಟಗಾರನಾಗಿರುವುದಕ್ಕೆ ದಪ್ಪ, ತೂಕ ಇಳಿಸಬೇಕು ಎಂದು ಬರೆದರು. ಪಕ್ಷವೇ ಅದನ್ನು ಅಳಿಸಲು ಹೇಳಿತು. ಮಾರ್ಚ್ 9ಕ್ಕೆ ದುಬೈನಲ್ಲಿ ಫೈನಲ್. ರೋಹಿತ್ 83 ಎಸೆತಕ್ಕೆ 76 ರನ್ ಹೊಡೆದು, ಕಪ್ಪು ಎತ್ತಿ, ಪಂದ್ಯಶ್ರೇಷ್ಠ ಎನಿಸಿಕೊಂಡರು. ಮರುದಿನ ಎಲ್ಲರೂ ವಕ್ತಾರೆಯನ್ನು ಬೈದವರೇ. ಆದರೆ ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ಅವರು ಅಂದು ಸೊನ್ನೆಗೆ ಔಟಾಗಿದ್ದರೆ? ನಮ್ಮ ಬಡಾವಣೆಯ ಸೆಲೂನಿನಲ್ಲೇ ಅವರ ಹೊಟ್ಟೆಯ ಸುತ್ತಳತೆ ತೆಗೆಯುತ್ತಿದ್ದರು. ಗೆದ್ದವರ ಮೈ ಬಗ್ಗೆ ಮಾತಾಡುವುದು ಅಸಭ್ಯ, ಸೋತವರ ಮೈ ಬಗ್ಗೆ ಮಾತಾಡುವುದು ಕ್ರೀಡಾ ವಿಶ್ಲೇಷಣೆ.

ಇಷ್ಟು ಹೇಳಿದರೆ ತಕ್ಷಣ ಬರುವ ಉತ್ತರ ನನಗೆ ಗೊತ್ತು. "ಅಯ್ಯೋ, ನಿಮ್ಮ ಆರೋಗ್ಯದ ಕಾಳಜಿಯಿಂದ ಅಂದಿದ್ದು ಕಣ್ರೀ." ಸರಿ, ಆರೋಗ್ಯದ ಮಾತೇ ಆಡೋಣ. ತೂಕವನ್ನು ಕೆ.ಜಿ.ಯಲ್ಲಿ ಹಿಡಿದು, ಎತ್ತರದ ಮೀಟರಿನ ವರ್ಗದಿಂದ ಭಾಗಿಸಿ ಬರುವ ಬಿಎಂಐ ಎಂಬ ಅಂಕಿ ಇದೆಯಲ್ಲ, ಅದರ ಮೂಲ ಲೆಕ್ಕ ಹಾಕಿದ್ದು ಡಾಕ್ಟರಲ್ಲ. 1830ರ ದಶಕದಲ್ಲಿ ಬೆಲ್ಜಿಯಮ್ಮಿನ ಖಗೋಳಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ. ಅವನಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ, ನನ್ನ ನಿಮ್ಮ ಸೊಂಟವಲ್ಲ. ಆ ಲೆಕ್ಕಕ್ಕೆ ಈಗಿನ ಹೆಸರಿಟ್ಟದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್. ಯೂರೋಪಿನವರಿಗೆ 25 ದಾಟಿದರೆ ಹೆಚ್ಚು ತೂಕ. ಭಾರತೀಯರಿಗೆ ನಮ್ಮ ವೈದ್ಯರು 23ಕ್ಕೇ ಗೆರೆ ಎಳೆದಿದ್ದಾರೆ, ಯಾಕೆಂದರೆ ಕಡಿಮೆ ತೂಕದಲ್ಲೇ ನಮಗೆ ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಈ ಅಂಕಿಗೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಅದಕ್ಕೇ ಡಾಕ್ಟರು ಟೇಪು ಹಿಡಿದು ಸೊಂಟವನ್ನೂ ಅಳೆಯುತ್ತಾರೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಅಷ್ಟೂ ಆದ ಮೇಲೆ ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ. ಇಷ್ಟೆಲ್ಲ ಮಾಡಿಯೂ ಡಾಕ್ಟರು ಎಚ್ಚರದಿಂದ ಮಾತಾಡುವಾಗ, ಸೋದರತ್ತೆಗೆ ದೂರದಿಂದಲೇ, ಸೀರೆಯ ಮೇಲಿನಿಂದಲೇ, ಕನ್ನಡಕವಿಲ್ಲದೆಯೂ ರೋಗ ಕಾಣುತ್ತದೆ.

ಸ್ಥೂಲಕಾಯ ಸಮಸ್ಯೆಯೇ ಅಲ್ಲ ಎಂದು ನಾನು ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಹೆಚ್ಚು ತೂಕದವರು, 19 ಮಂದಿ ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು. ಎರಡೂ ಸೇರಿ ನೂರಕ್ಕೆ 43. ಟೀಕೆ ಮಾಡುವವರಿಗೆ ಇಷ್ಟು ಸಮೃದ್ಧ ಕಚ್ಚಾವಸ್ತು ಬೇರೆ ಯಾವ ದೇಶದಲ್ಲಿ ಸಿಕ್ಕೀತು! ಆದರೆ ಈ 43ರಲ್ಲಿ ಒಬ್ಬರಿಗಾದರೂ ತಮ್ಮ ಗಾತ್ರದ ಸುದ್ದಿ ಅತ್ತೆಯ ಬಾಯಿಂದಲೇ ಮೊದಲು ತಿಳಿದಿದ್ದುಂಟೇ? ಮನೆಯಲ್ಲಿ ಕನ್ನಡಿ ಇದೆ. ಟೈಲರು ರವಿಕೆಯ ಒಳಹೊಲಿಗೆ ಬಿಚ್ಚಿ, ಇನ್ನು ಬಿಚ್ಚಲು ಬಟ್ಟೆ ಉಳಿದಿಲ್ಲ ಮೇಡಂ ಎಂದಾಗಿದೆ. ಮೂರನೇ ಮಹಡಿಯ ಮೆಟ್ಟಿಲೂ ತನ್ನ ಅಭಿಪ್ರಾಯ ತಿಳಿಸಿದೆ. ಸುದ್ದಿ ಹಳತು. ಮತ್ತೆ ಮತ್ತೆ ಓದಿ ಹೇಳುವ ಅಗತ್ಯವೇನು? ಜೊತೆಗೆ ಪರಿಹಾರಗಳ ಮೆರವಣಿಗೆ ಬೇರೆ. ಜೀರಿಗೆ ನೀರು, ನಿಂಬೆಹಣ್ಣು ಜೇನುತುಪ್ಪ, ಬೂದುಗುಂಬಳದ ರಸ, ಹುರುಳಿ ಕಟ್ಟು. ಹೇಳುವವರ ಮೈ ನೋಡಿದರೆ ಆ ಪೈಕಿ ಯಾವುದನ್ನೂ ಅವರು ಪರೀಕ್ಷಿಸಿ ನೋಡಿದಂತಿಲ್ಲ. ನೋಡಿ, ನಾನೂ ಅಂದೇಬಿಟ್ಟೆ. ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಹಾಗಾದರೆ ತಮಾಷೆಯೇ ಬೇಡವೇ? ಯಾಕೆ ಬೇಡ. ದ್ವಾರಕೀಶ್ ತಮ್ಮನ್ನು ತಾವೇ ಕರ್ನಾಟಕದ ಕುಳ್ಳ ಎಂದು ಕರೆದುಕೊಂಡರು. ಕುಳ್ಳ ಏಜೆಂಟ್ 000, ಕಳ್ಳ ಕುಳ್ಳ, ಪ್ರಚಂಡ ಕುಳ್ಳ ಎಂದು ಚಿತ್ರಗಳ ಹೆಸರಿನಲ್ಲೇ ಆ ಮಾತು ಮೆರೆಯಿತು, ದುಡ್ಡನ್ನೂ ದುಡಿಯಿತು. ಎತ್ತರ ಅವರದು, ಜೋಕೂ ಅವರದು. ಹಾಗೆಯೇ ಹಾಸ್ಟೆಲಿನ ಗೆಳೆಯರು ಪರಸ್ಪರ ಡುಮ್ಮ, ಕಡ್ಡಿ ಎಂದು ಕೂಗಿಕೊಂಡು ಅರವತ್ತರ ತನಕ ಹಾಗೇ ಉಳಿಯುತ್ತಾರೆ. ಅಲ್ಲಿ ಡುಮ್ಮನಿಗೂ ತಿರುಗಿ ಕೊಡುವ ಹಕ್ಕಿದೆ, ಕೊಡುತ್ತಾನೆ ಕೂಡ. ಮಾತು ಎರಡೂ ಕಡೆ ಓಡಾಡಿದರೆ ಅದು ತಮಾಷೆ. ಗೃಹಪ್ರವೇಶದ ಹುಡುಗಿಗೆ ಇಲ್ಲದೇ ಹೋದದ್ದು ಆ ವಾಪಸಾತಿ ದಾರಿ.

ಈ ದಾರಿ ಈಗ ಕೋರ್ಟಿನ ಮೂಲಕ ತೆರೆಯುತ್ತಿದೆ. ಪಕ್ಕದ ಕೇರಳದ ಹೈಕೋರ್ಟು 2024ರ ಕೊನೆಯ ಹೊತ್ತಿಗೆ, ಗಂಡನ ಮನೆಯವರು ಸೊಸೆಯ ಮೈಕಟ್ಟನ್ನು ಹೀಯಾಳಿಸುವುದು ಕ್ರೌರ್ಯದ ಲೆಕ್ಕಕ್ಕೇ ಬರಬಹುದು ಎಂದಿತು. 2025ರ ಜನವರಿಯಲ್ಲಿ ಅದೇ ಕೋರ್ಟು, ವಿದ್ಯುತ್ ಮಂಡಳಿಯ ಉದ್ಯೋಗಿಯೊಬ್ಬರ ದೂರಿನಲ್ಲಿ, ಹೆಂಗಸಿನ ಮೈಕಟ್ಟಿನ ಬಗ್ಗೆ ಸಹೋದ್ಯೋಗಿ ಆಡುವ ಮಾತೂ ಲೈಂಗಿಕ ಕಿರುಕುಳ ಆಗುತ್ತದೆ ಎಂದು ಹೇಳಿ ಮೊಕದ್ದಮೆ ರದ್ದು ಮಾಡಲು ಒಪ್ಪಲಿಲ್ಲ. ಚೆನ್ನಾಗಿದೆ ಎಂದು ಹೊಗಳಿದ್ದಷ್ಟೇ ಎಂಬ ವಾದ ಅಲ್ಲಿ ನಡೆಯಲಿಲ್ಲ. ಒಳ್ಳೆಯದೇ. ಆದರೆ ಸೋದರತ್ತೆಯ ಮೇಲೆ ಕೇಸು ಹಾಕುವಷ್ಟು ಗಟ್ಟಿಗರು ನಾವಲ್ಲ. ಹಾಕಿದರೂ ಕೋರ್ಟಿನ ಕಾರಿಡಾರಿನಲ್ಲಿ ಸಿಕ್ಕಾಗ ಅವರು ಮೊದಲು ಅನ್ನುವುದು, "ಟೆನ್ಷನ್ನಿಗೇನೇ, ಇಷ್ಟು ಇಳಿದು ಹೋಗಿದ್ದೀಯ?"

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಮದುವೆಯಲ್ಲೋ ಮುಂಜಿಯಲ್ಲೋ ನಾನು ಸಿಗುತ್ತೇನೆ. ಮಾತು ಶುರು ಮಾಡಲು ಏನೂ ತೋಚದಿದ್ದರೆ ಮಳೆ ಬಗ್ಗೆ ಕೇಳಿ, ಮೆಟ್ರೊ ಬಗ್ಗೆ ಕೇಳಿ, ಸೈಟಿನ ರೇಟು ಕೇಳಿ. ಅದೂ ಬೇಡವೆಂದರೆ ಊಟ ಆಯ್ತಾ ಎಂದು ಕೇಳಿ. ಉತ್ತರವನ್ನು ಮಾತ್ರ ನನ್ನ ಮೈ ನೋಡಿ ನೀವೇ ಹೇಳಿಕೊಳ್ಳಬೇಡಿ, ನಾನೇ ಹೇಳುತ್ತೇನೆ.